ಸುಣ್ಣ ಬಳಿಯುವ ಮುನ್ನ
ಬೆಂಗಳೂರಿನ ಬೀದಿಕಲೆಯನ್ನು ಕ್ಯಾಮೆರಾದಲ್ಲಿ ಹಿಡಿಯಬೇಕೆನ್ನುವವರು ತಡಮಾಡಬಾರದು. ಭಿತ್ತಿಪತ್ರಗಳ ಹಾವಳಿ ತಪ್ಪಿಸಲೆಂದು 2009ರಲ್ಲಿ ಪಾಲಿಕೆ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಮತ್ತು ನಾಮಫಲಕದ ಕಲಾವಿದರು ಜೋಗ, ಹಂಪಿ, ಕಾಡುಪ್ರಾಣಿಗಳನ್ನೆಲ್ಲ ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ ಬರೆದರು. ಇದೂ ಕಲೆಯೇ ಎಂದು ಮೂಗು ಮುರಿದವರುಂಟು. ನನಗಂತೂ ಅವು ನುರಿತ ಕೈಗಳ, ಹಸಿದ ಕೈಗಳ ಕೆಲಸ. ಮಳೆ-ಬಿಸಿಲಿಗೆ, ರಸ್ತೆ ಅಗಲೀಕರಣಕ್ಕೆ ಎಷ್ಟೋ ಹೋದವೆಂಬ ಸಂಕಟ ಇನ್ನೂ ಇದೆ. ಆದರೆ ಕೆಲವು ಕಲಾಕೃತಿಗಳು ಅಳಿಯುವುದಕ್ಕೆಂದೇ ಹುಟ್ಟುತ್ತವೆ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಫೈಬರ್ ಮೊಸಳೆಯೊಂದನ್ನು ಇಟ್ಟಾಗ, ಅದರ ಫೋಟೋ ಊರೆಲ್ಲ ಓಡಾಡಿತು, ಗುಂಡಿ ಮುಚ್ಚಿತು. ಅಲ್ಲಿ ಫೋಟೋವೇ ಕೃತಿಯ ಅರ್ಧ ಭಾಗ. ಹಾಗಾಗಿ ನನ್ನ ಕೋರಿಕೆ: ಫೋಟೋ ತೆಗೆಯುವಾಗ ಸುತ್ತಲಿನದನ್ನು ಬಿಟ್ಟು ಗೋಡೆಯ ಚಿತ್ರವನ್ನಷ್ಟೇ ಹಿಡಿಯಬೇಡಿ. ಕೆ.ಆರ್. ಮಾರುಕಟ್ಟೆಯ ಬಳಿ ಕಲಾತಂಡವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ಟ್ರಾನ್ಸ್‌ಜೆಂಡರ್ ಮಹಿಳೆಯರು ಗೋಡೆಗೆ ಬಣ್ಣ ಹಚ್ಚಿದ್ದು ಅಲ್ಲಿನ ಜನಸಂದಣಿ ತಮ್ಮನ್ನು ಕಣ್ಣೆತ್ತಿ ನೋಡಲೆಂದು. ಆ ಸಂದಣಿಯೂ, ಹೂವಿನ ಮೂಟೆ ಹೊತ್ತವರೂ ಚೌಕಟ್ಟಿನೊಳಗೆ ಬರಲಿ. ನಡುಹಗಲಿನ ಬಿಸಿಲು ಬಣ್ಣವನ್ನು ತಿಂದುಬಿಡುತ್ತದೆ, ಮೋಡದ ಬೆಳಕು ಒಳ್ಳೆಯದು. ಮೂಲೆಯಲ್ಲಿ ಕಲಾವಿದರ ಸಹಿಯಿದ್ದರೆ ಅದನ್ನು ಬೇರೆಯಾಗಿ ತೆಗೆಯಿರಿ. ರಸ್ತೆಯ ಹೆಸರು, ತಾರೀಖು ಬರೆದಿಡಿ, ಮುಂದಿನ ವರ್ಷ ಅದೇ ಜಾಗಕ್ಕೆ ಮತ್ತೆ ಹೋಗಿ.