ಬೊಂಬೆಯ ಪೀಠ, ಆಟದ ಧರ್ಮ

ಮೇಜಿನ ಮೇಲೆ ಬೊಂಬೆಗಳ ಸೈನ್ಯವನ್ನು ಹೂಡಿ ಯುದ್ಧದಾಟ ಆಡುವವರು, ಬೊಂಬೆಯ ಕಾಲಡಿಯ ಪೀಠ ಎಷ್ಟಗಲವಿರಬೇಕೆಂದು ವಾದಿಸುತ್ತಾರೆಂದರೆ ಓದುಗರಿಗೆ ನಗು ಬರಬಹುದು. ನನಗೆ ಬರುವುದಿಲ್ಲ.

ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಬರೆದಾಗ ಈ ಜಗಳಕ್ಕೆ ಅಷ್ಟು ಎಡೆಯಿರಲಿಲ್ಲ; ಆಟಿಕೆಯ ಫಿರಂಗಿ ಹಾರಿಸಿದ ಮರದ ತುಂಡು ತಗುಲಿ ಉರುಳಿದ ಸಿಪಾಯಿ ಸತ್ತಂತೆಯೇ. 1987ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ 'ವಾರ್‌ಹ್ಯಾಮರ್ 40,000' ಆಟದಲ್ಲಿ ಹಾಗಲ್ಲ; ಅಲ್ಲಿ ದೂರವನ್ನು ಅಳೆಯುವುದೇ ಪೀಠದ ಅಂಚಿನಿಂದ. ಪೀಠ ಕಿರಿದಾದರೆ ಹೆಚ್ಚು ಯೋಧರು ಶತ್ರುವನ್ನು ಮುತ್ತಬಲ್ಲರು. ಹಿರಿದಾದರೆ ಹೆಚ್ಚು ನೆಲವನ್ನು ತಡೆಯಬಲ್ಲರು.

ಆದರೆ ಆ ಆಟದ ಪ್ರಮುಖ ಯೋಧರ ಪೀಠವನ್ನು 2010ರ ದಶಕದಲ್ಲಿ ತಯಾರಕರೇ 25 ಮಿಲಿಮೀಟರಿನಿಂದ 32ಕ್ಕೆ ಏರಿಸಿದರು. ಅದಕ್ಕೂ ಮೊದಲೇ ವರ್ಷಗಟ್ಟಲೆ ಬಣ್ಣ ಹಚ್ಚಿ ಸೈನ್ಯ ಕಟ್ಟಿದ ಹಳಬನನ್ನು ವಂಚಕನೆನ್ನಬಹುದೆ? ಕೂಡದೆಂಬುದು ನನ್ನ ಮತ. ಅಳತೆಯ ವ್ಯತ್ಯಾಸ ಮೋಸವಲ್ಲ. ಅದನ್ನು ಮರೆಮಾಚುವುದು ಮೋಸ. ಆಟಕ್ಕೆ ಮೊದಲೇ ಎದುರಾಳಿಗೆ ತಿಳಿಸಬೇಕು. ಆತ ಒಪ್ಪಿದರೆ ಆಡಬೇಕು, ಒಪ್ಪದಿದ್ದರೆ ಪೀಠವನ್ನು ಬದಲಿಸಬೇಕು. 7 ಮಿಲಿಮೀಟರಿನ ಲಾಭವನ್ನು ಬಚ್ಚಿಟ್ಟುಕೊಂಡು ಗೆದ್ದವನು ಗೆದ್ದದ್ದಾದರೂ ಏನನ್ನು?