ಆದಿತ್ಯ-ಎಲ್1: ಬಾಹ್ಯಾಕಾಶದ ಅಳತೆಗಳಿಗೆ ಪರಿಶೀಲನೆ ಏಕೆ?

ಅಂಗಡಿಯ ತಕ್ಕಡಿಯನ್ನು ನಿಗದಿತ ಅವಧಿಗೊಮ್ಮೆ ಪರಿಶೀಲನೆಗೆ ಒಳಪಡಿಸಿ ಮುದ್ರೆ ಹಾಕಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿದೆ. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಸೌರಮಾರುತವನ್ನು ಅಳೆಯುವ ಆದಿತ್ಯ-ಎಲ್1 ನೌಕೆಯ ಉಪಕರಣಗಳಿಗೂ ಇಂತಹ ಪರಿಶೀಲನೆ ಅಗತ್ಯ. ಆದರೆ ಅಲ್ಲಿಗೆ ತೆರಳಿ ಮುದ್ರೆ ಹಾಕಬಲ್ಲ ಅಧಿಕಾರಿ ಯಾರೂ ಇಲ್ಲ.

2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಸದರಿ ನೌಕೆಯು 2024ರ ಜನವರಿ 6ರಂದು ಎಲ್1 ಬಿಂದುವಿನ ಸುತ್ತಲಿನ ಕಕ್ಷೆಯನ್ನು ಸೇರಿತು. ಸೂರ್ಯನಿಂದ ಹೊರಹರಿಯುವ ವಿದ್ಯುದಾವಿಷ್ಟ ಕಣಗಳನ್ನು, ಅಂದರೆ ಪ್ಲಾಸ್ಮಾವನ್ನು, ಅಹಮದಾಬಾದಿನಲ್ಲಿ ರೂಪುಗೊಂಡ ಆಸ್ಪೆಕ್ಸ್ ಹಾಗೂ ತಿರುವನಂತಪುರದಲ್ಲಿ ರೂಪುಗೊಂಡ ಪಾಪಾ ಉಪಕರಣಗಳು ಅಳೆಯುತ್ತವೆ. ಕಾಂತಮಾಪಕವನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸಲಾಗಿದೆ.

ಇವುಗಳಲ್ಲಿ ಕಾಂತಮಾಪಕದ ಕಾರ್ಯ ಅತಿ ಸೂಕ್ಷ್ಮವಾದುದು. ಕರ್ನಾಟಕದ ನೆಲದ ಮೇಲೆ ಭೂಕಾಂತಕ್ಷೇತ್ರವು ಸುಮಾರು 40,000 ನ್ಯಾನೊಟೆಸ್ಲಾದಷ್ಟಿರುತ್ತದೆ. ಎಲ್1ರಲ್ಲಿ ಸಾಮಾನ್ಯ ದಿನಗಳಲ್ಲಿ ಸೌರಮಾರುತದ ಕ್ಷೇತ್ರ 5ರ ಆಸುಪಾಸಿನಲ್ಲಿರುತ್ತದೆ. ನೌಕೆಯ ವಿದ್ಯುತ್ ಮಂಡಲಗಳೂ ತಮ್ಮದೇ ಕ್ಷೇತ್ರವನ್ನು ಉಂಟುಮಾಡುತ್ತವೆ. ಆದಕಾರಣ 6 ಮೀಟರ್ ಉದ್ದದ ದಂಡದ ತುದಿಯಲ್ಲಿ ಒಂದು, 3 ಮೀಟರ್ ದೂರದಲ್ಲಿ ಇನ್ನೊಂದು ಸಂವೇದಕವನ್ನು ಅಳವಡಿಸಲಾಗಿದೆ. ಸೌರಮಾರುತದ ಕ್ಷೇತ್ರ ಎರಡಕ್ಕೂ ಒಂದೇ. ನೌಕೆಯ ಪ್ರಭಾವ ಮಾತ್ರ ಸಮೀಪದ ಸಂವೇದಕದಲ್ಲಿ ಅಧಿಕ. ಈ ವ್ಯತ್ಯಾಸದಿಂದ ನೌಕೆಯ ಪಾಲನ್ನು ಗಣಿಸಿ ಕಳೆಯಲಾಗುತ್ತದೆ.

ಎರಡು-ಮೂರು ನ್ಯಾನೊಟೆಸ್ಲಾದ ತಪ್ಪು ಅಲ್ಪವೆಂದು ತೋರಬಹುದು, ವಾಸ್ತವದಲ್ಲಿ ಅಲ್ಪವಲ್ಲ. ಸೌರಮಾರುತದ ಕ್ಷೇತ್ರವು ದಕ್ಷಿಣಾಭಿಮುಖವಾದಾಗ ಅದರ ಶಕ್ತಿಯು ಭೂಕಾಂತಗೋಳವನ್ನು ಸುಲಭವಾಗಿ ಪ್ರವೇಶಿಸುತ್ತದೆ. ಸಣ್ಣ ದೋಷವೊಂದು ದಕ್ಷಿಣವನ್ನು ಉತ್ತರವೆಂದು ತೋರಿಸಬಲ್ಲದು. 2024ರ ಮೇ 10-11ರಂದು ಎರಡು ದಶಕಗಳಲ್ಲೇ ತೀವ್ರವಾದ ಭೂಕಾಂತೀಯ ಬಿರುಗಾಳಿ ಬೀಸಿತು. ಅಂತಹ ಸಂದರ್ಭಗಳಲ್ಲಿ ಎಲ್1ರ ಅಳತೆಗಳಿಂದ ಉಪಗ್ರಹ ಹಾಗೂ ವಿದ್ಯುತ್ ಜಾಲಗಳ ನಿರ್ವಾಹಕರಿಗೆ ದೊರೆಯುವ ಮುನ್ಸೂಚನೆಯ ಅವಧಿ ಬಹುಮಟ್ಟಿಗೆ ಒಂದು ಗಂಟೆಗೂ ಕಡಿಮೆ.

ಕಣಮಾಪಕಗಳ ತೊಂದರೆ ಬೇರೆ. ಇಂತಹ ಉಪಕರಣಗಳಲ್ಲಿ ಕಣದ ಸಂಕೇತವನ್ನು ವರ್ಧಿಸುವ ಸೂಕ್ಷ್ಮರಂಧ್ರದ ಫಲಕಗಳು ಬಳಕೆಯಿಂದ ಸವೆಯುತ್ತವೆ. ಕಣಗಳ ಸಂಖ್ಯೆ ಕುಗ್ಗದಿದ್ದರೂ ಎಣಿಕೆ ಕುಗ್ಗುತ್ತದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು 2000ದಲ್ಲಿ ಉಡಾಯಿಸಿ 2024ರವರೆಗೆ ನಡೆಸಿದ ಕ್ಲಸ್ಟರ್ ಯೋಜನೆಯ ನಾಲ್ಕು ನೌಕೆಗಳಲ್ಲಿ ಇದಕ್ಕೊಂದು ಜಾಣ ಪರಿಹಾರವಿತ್ತು. ವಿಸ್ಪರ್ ಎಂಬ ಉಪಕರಣವು ರೇಡಿಯೊ ಸ್ಪಂದನ ಕಳುಹಿಸಿ ಪ್ಲಾಸ್ಮಾದ ಅನುರಣನವನ್ನು ಆಲಿಸುತ್ತಿತ್ತು. ಘನ ಸೆಂಟಿಮೀಟರಿಗೆ 4 ಎಲೆಕ್ಟ್ರಾನುಗಳಿದ್ದರೆ ಆವರ್ತನ ಸುಮಾರು 18 ಕಿಲೊಹರ್ಟ್ಸ್. ಫಲಕದ ಸವೆತಕ್ಕೂ ಈ ಅಂಕಿಗೂ ಸಂಬಂಧವಿಲ್ಲವಾದ್ದರಿಂದ, ಅದನ್ನೇ ಆಧಾರವಾಗಿರಿಸಿ ಇತರ ಮಾಪಕಗಳನ್ನು ತಿದ್ದಲಾಯಿತು.

ಆದಿತ್ಯ-ಎಲ್1ರಲ್ಲಿ ಅಂತಹ ಉಪಕರಣವಿಲ್ಲ. ಎಲ್1 ಪ್ರದೇಶದಲ್ಲಿಯೇ ಇರುವ ಅಮೆರಿಕದ ವಿಂಡ್, ಏಸ್ ಮೊದಲಾದ ನೌಕೆಗಳೊಡನೆ ಹೋಲಿಕೆ ಸಾಧ್ಯ. ಆದರೆ ಎರಡೂ ಅಂಕಿಗಳನ್ನು ಒಂದೇ ಗಳಿಗೆಗೆ ಹೊಂದಿಸಿ ನೋಡುವಂತಿಲ್ಲ. ಗಾಳಿಯ ವೇಗ ಸೆಕೆಂಡಿಗೆ 400 ಕಿ.ಮೀ. ಇದ್ದು, ಅದರ ಹರಿವಿನ ದಿಕ್ಕಿನಲ್ಲಿ ನೌಕೆಗಳ ಅಂತರ 4 ಲಕ್ಷ ಕಿ.ಮೀ. ಇದ್ದರೆ, ಒಂದೇ ಅಲೆ ಎರಡನ್ನೂ ತಲುಪಲು ಸುಮಾರು 17 ನಿಮಿಷಗಳ ವ್ಯತ್ಯಾಸವಾಗುತ್ತದೆ.

ನೌಕೆಯ ದತ್ತಾಂಶವು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರದ ಪ್ರದಾನ್ ಜಾಲತಾಣದಲ್ಲಿ ಲಭ್ಯವಿದ್ದು, ಆಸಕ್ತರು ಹೆಸರು ನೋಂದಾಯಿಸಿ ಪಡೆಯಬಹುದಾಗಿದೆ. ಮಾಪನ ತಿದ್ದುಪಡಿಗಳು ಪರಿಷ್ಕೃತವಾದಾಗ ಹಿಂದಿನ ಅಂಕಿಗಳೂ ಬದಲಾಗಬಹುದಾದುದರಿಂದ, ವಿದ್ಯಾರ್ಥಿಗಳು ತಮ್ಮ ವರದಿಗಳಲ್ಲಿ ಕಡತದ ಆವೃತ್ತಿ ಸಂಖ್ಯೆ ಹಾಗೂ ಪಡೆದ ದಿನಾಂಕವನ್ನು ತಪ್ಪದೆ ನಮೂದಿಸುವುದು ಸೂಕ್ತ.