ತೆರೆಯ ಹಿಂದಿನ ಕೈ

ಕನ್ನಡದ ಮಾತಿನಲ್ಲಿ ‘ಬಣ್ಣ’ ಎಂಬ ಶಬ್ದಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ನಂಬಲಾಗದ ಮಾತು ‘ಬಣ್ಣದ ಮಾತು’. ಇದ್ದುದಕ್ಕೆ ಇಲ್ಲದುದನ್ನು ಸೇರಿಸಿ ಹೇಳಿದರೆ ಅದು ‘ಬಣ್ಣ ಕಟ್ಟಿ ಹೇಳಿದ್ದು’. ವಂಚಕನ ಗುಟ್ಟು ಹೊರಬಿದ್ದರೆ ಅವನ ‘ಬಣ್ಣ ಬಯಲಾಯಿತು’. ಆದರೆ ನಟನೊಬ್ಬನು ರಂಗವನ್ನೇರಿದುದನ್ನು ‘ಬಣ್ಣ ಹಚ್ಚಿದನು’ ಎಂದು ಅಭಿಮಾನದಿಂದ ಹೇಳುವ ವಾಡಿಕೆಯೂ ಇದೇ ಭಾಷೆಯಲ್ಲಿದೆ. ಬಣ್ಣ ಹಚ್ಚಿಸಿಕೊಂಡು ಬೆಳಕಿಗೆ ಬಂದವನನ್ನು ಜನ ಕೊಂಡಾಡುತ್ತಾರೆ. ಹಚ್ಚಿದ ಕೈ ಯಾರದೆಂದು ಕೇಳುವವರು ವಿರಳ. ಆ ಕೈಯ ಕೆಲಸಕ್ಕೆ ಪ್ರಸಾಧನವೆಂದು ಹೆಸರು. ಅದನ್ನು ಜೀವನದ ವೃತ್ತಿಯಾಗಿ ಆರಿಸಿಕೊಳ್ಳಬಯಸುವ ಹುಡುಗ ಹುಡುಗಿಯರನ್ನು ಸಮಾಜ ಹೇಗೆ ನೋಡಬೇಕೆಂಬುದು ಇಂದು ಆಲೋಚಿಸಬೇಕಾದ ವಿಷಯ.

ಈ ಕಲೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯ ಎಂದು ನಾಲ್ಕಾಗಿ ವಿಂಗಡಿಸಿದೆ. ವೇಷಭೂಷಣ ಮತ್ತು ಬಣ್ಣಗಾರಿಕೆ ಆಹಾರ್ಯಕ್ಕೆ ಸೇರಿದವು. ಬಿಳಿ, ನೀಲಿ, ಹಳದಿ, ಕೆಂಪು ಎಂಬ ಮೂಲವರ್ಣಗಳನ್ನು ಬೆರೆಸಿ ಬೇರೆ ಬೇರೆ ಬಣ್ಣಗಳನ್ನು ಪಡೆಯುವ ಕ್ರಮವನ್ನೂ ಆ ಗ್ರಂಥ ತಿಳಿಸುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಇದು ಇಂದಿಗೂ ಜೀವಂತವಾದ ವಿದ್ಯೆ. ಅಲ್ಲಿ ಕಲಾವಿದನು ಚೌಕಿಯಲ್ಲಿ ಕನ್ನಡಿಯೆದುರು ಕುಳಿತು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ರಾಕ್ಷಸ ಪಾತ್ರಗಳ ‘ಬಣ್ಣದ ವೇಷ’ಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಚಿಟ್ಟಿಗಳನ್ನು ಒಂದೊಂದಾಗಿ ಇಡುವಾಗ ಗಂಟೆಗಳೇ ಕಳೆಯುತ್ತವೆ. ಮುಖವನ್ನು ಬರೆಯುತ್ತ ಬರೆಯುತ್ತಲೇ ಅವನು ಪಾತ್ರದೊಳಕ್ಕೆ ಇಳಿಯುತ್ತಾನೆ.

ಬೆಂಗಳೂರಿನಲ್ಲಿ ಈ ಕಲೆ ಬೇರೊಂದು ದಾರಿಯನ್ನು ಹಿಡಿಯಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಳಿಗಳಿಗೆ ರಾಜರು, ದೇವತೆಗಳು, ಅಸುರರು ಬೇಕಾಗಿದ್ದರು. ದೂರದ ನೆಲದ ಮೇಲೆ ಕುಳಿತವನಿಗೂ ಕಾಣುವಂತೆ ಗಾಢವಾದ ಬಣ್ಣ ಬೇಕಾಗಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಮುಂದೆ ಕೈಲಾಸಂ ಅವರ ನಾಟಕಗಳು ಮಧ್ಯಮವರ್ಗದ ಮನೆಯ ನಡುಮನೆಯನ್ನೇ ರಂಗದ ಮೇಲೆ ತಂದವು. ಆ ನಾಟಕಗಳ ತಂದೆ, ತಾಯಿ, ಮಗ, ಅಳಿಯ ಇವರೆಲ್ಲ ಪ್ರೇಕ್ಷಕನ ನೆರೆಮನೆಯವರಂತೆಯೇ ಇದ್ದರು. ಅಂತಹ ಮುಖಗಳಿಗೆ ಬಣ್ಣ ಹಚ್ಚಬೇಕು, ಆದರೆ ಹಚ್ಚಿದೆಯೆಂದು ತಿಳಿಯಬಾರದು. ಕಿರೀಟವಿಟ್ಟ ರಾವಣನನ್ನು ಸಿದ್ಧಗೊಳಿಸುವುದಕ್ಕಿಂತ ಪಿಂಚಣಿ ಪಡೆಯುವ ಮುದುಕನೊಬ್ಬನನ್ನು ಸಿದ್ಧಗೊಳಿಸುವುದು ಒಂದರ್ಥದಲ್ಲಿ ಹೆಚ್ಚು ಕಷ್ಟ.

ಕಷ್ಟ ಏಕೆಂಬುದನ್ನು ಕೊಂಚ ವಿವರವಾಗಿ ನೋಡಬೇಕು. ರಂಗದ ದೀಪಗಳು ನೇರವಾಗಿ ಮುಖದ ಮೇಲೆ ಬಿದ್ದಾಗ ಮೂಗು, ಕೆನ್ನೆ, ಗಲ್ಲಗಳ ಏರುತಗ್ಗುಗಳು ಅಳಿಸಿಹೋಗಿ ಮುಖ ಚಪ್ಪಟೆಯಾಗಿ ಕಾಣುತ್ತದೆ. ಆ ಏರುತಗ್ಗುಗಳನ್ನು ತಿಳಿ ಬಣ್ಣ ಮತ್ತು ನೆರಳಿನ ಬಣ್ಣಗಳಿಂದ ಪ್ರಸಾಧಕನು ಮತ್ತೆ ಕಟ್ಟಿಕೊಡಬೇಕು. ಇಪ್ಪತ್ತರ ತರುಣನನ್ನು ಎಪ್ಪತ್ತರ ವೃದ್ಧನನ್ನಾಗಿಸಲು ಹಣೆಯ ಮೇಲೆ ನಾಲ್ಕು ಗೆರೆ ಎಳೆದರೆ ಸಾಲದು. ವಯಸ್ಸಾದಂತೆ ಕಣ್ಣಿನ ಕೆಳಗೆ, ಕಪೋಲದಲ್ಲಿ, ಕತ್ತಿನಲ್ಲಿ ಚರ್ಮ ಎಲ್ಲಿ ಜೋಲುತ್ತದೆ, ಎಲ್ಲಿ ಎಲುಬು ಎದ್ದು ಕಾಣುತ್ತದೆ ಎಂಬುದು ಗೊತ್ತಿರಬೇಕು. ಇದು ಶರೀರಶಾಸ್ತ್ರದ ಪಾಠ. ಕೆಂಪು ಬಣ್ಣವು ಕೆಂಪು ಬೆಳಕಿನಲ್ಲಿ ಮಾಯವಾಗುತ್ತದೆ, ಹಸುರು ಬೆಳಕಿನಲ್ಲಿ ಕಪ್ಪಾಗುತ್ತದೆ. ಇದು ಭೌತಶಾಸ್ತ್ರದ ಪಾಠ. ಹಿಂದಿನವರು ಹಳದಿಗಾಗಿ ಬಳಸುತ್ತಿದ್ದ ಅರದಾಳದಲ್ಲಿ ಪಾಷಾಣವೂ ಕೆಂಪಿಗಾಗಿ ಬಳಸುತ್ತಿದ್ದ ಇಂಗಳೀಕದಲ್ಲಿ ಪಾದರಸವೂ ಇರುತ್ತವೆ. ಚರ್ಮಕ್ಕೆ ಹಚ್ಚುವ ವಸ್ತುವಿನ ಗುಣದೋಷಗಳನ್ನು ಅರಿಯದವನು ಆ ಕೆಲಸಕ್ಕೆ ಕೈಯಿಕ್ಕಬಾರದು. ಇದು ರಸಾಯನಶಾಸ್ತ್ರದ ಪಾಠ. ತರಗತಿಯಲ್ಲಿ ಬೇರೆ ಬೇರೆಯಾಗಿ ಕಲಿಯುವ ಈ ವಿದ್ಯೆಗಳೆಲ್ಲ ಒಂದು ಕುಂಚದ ತುದಿಯಲ್ಲಿ ಕೂಡಿಕೊಳ್ಳುತ್ತವೆ. ಇದನ್ನು ಬರಿಯ ‘ಬಣ್ಣ ಬಳಿಯುವ ಕೆಲಸ’ವೆನ್ನುವುದು ಅಜ್ಞಾನವಲ್ಲದೆ ಬೇರೆಯಲ್ಲ.

ಈ ವೃತ್ತಿಗೆ ಹಳೆಯ ಬೆಂಗಳೂರಿನಲ್ಲಿ ಇಂದು ಅವಕಾಶಗಳಿಗೆ ಕೊರತೆಯಿಲ್ಲ. 1963ರಲ್ಲಿ ಪ್ರಾರಂಭವಾದ ರವೀಂದ್ರ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲೇಶ್ವರದ ಸೇವಾಸದನ ಮೊದಲಾದ ಕಡೆಗಳಲ್ಲಿ ನಾಟಕ, ನೃತ್ಯಗಳು ನಡೆಯುತ್ತಿರುತ್ತವೆ. ಬಸವನಗುಡಿ, ಚಾಮರಾಜಪೇಟೆಗಳ ಕಲ್ಯಾಣಮಂಟಪಗಳಲ್ಲಿ ಬೆಳಗಿನ ಜಾವದ ಮುಹೂರ್ತಕ್ಕೆ ಮದುವಣಗಿತ್ತಿಯನ್ನು ಸಿಂಗರಿಸುವವಳು ಮನೆಯವರಿಗಿಂತ ಮೊದಲೇ ಎದ್ದಿರುತ್ತಾಳೆ. ಚಲನಚಿತ್ರ ಮತ್ತು ದೂರದರ್ಶನ ಧಾರಾವಾಹಿಗಳ ಕ್ಷೇತ್ರಗಳಂತೂ ವಿಶಾಲವಾಗಿವೆ. ಆದರೆ ಈ ಹೊಳಪಿನ ಹಿಂದಿನ ಕಷ್ಟವನ್ನು ಮರೆಮಾಚಬಾರದು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆಗ ವರಮಾನವೂ ಇಲ್ಲ. ಹವ್ಯಾಸಿ ನಾಟಕ ತಂಡಗಳ ಕೈಯಲ್ಲಿ ಹಣ ಕಡಿಮೆ. ನಿವೃತ್ತಿವೇತನದ ಭರವಸೆಯಿಲ್ಲ. ಹೀಗಿರುವಲ್ಲಿ ಮಕ್ಕಳು ಈ ವೃತ್ತಿಯ ಮಾತೆತ್ತಿದೊಡನೆ ಮನೆಯ ಹಿರಿಯರು ಆತಂಕಗೊಂಡರೆ ಅದು ಅಸಹಜವಲ್ಲ.

ಹಿರಿಯರ ಆತಂಕಕ್ಕೆ ಉತ್ತರ ತಯಾರಿಯೇ ಹೊರತು ಹಟವಲ್ಲ. ರಂಗಶಿಕ್ಷಣ ನೀಡುವ ಶಾಲೆಗಳಲ್ಲಿ ಪ್ರಸಾಧನವೂ ಒಂದು ಪಾಠದ ವಿಷಯ. ಅನುಭವಿಗಳ ಕೈಕೆಳಗೆ ಒಂದೆರಡು ವರ್ಷ ಕುಂಚ ತೊಳೆದು, ಡಬ್ಬಿ ಜೋಡಿಸಿ, ಗಡ್ಡಮೀಸೆ ಅಂಟಿಸಿ ಕಲಿತವರಿಗೆ ಕೆಲಸದ ಹದ ಸಿಕ್ಕುತ್ತದೆ. ಗಳಿಕೆಯ ತಿಂಗಳುಗಳಲ್ಲಿ ಉಳಿಸಿ ಬರಿದಾದ ತಿಂಗಳುಗಳನ್ನು ನಡೆಸುವ ಲೆಕ್ಕವನ್ನೂ ಕಲಿಯಬೇಕು. ಮಳೆಯನ್ನು ನಂಬಿದ ರೈತನು ಈ ಲೆಕ್ಕವನ್ನು ತಲೆತಲಾಂತರದಿಂದ ಬಲ್ಲವನಾಗಿದ್ದಾನೆ. ಕಲಾವಿದನು ಅದನ್ನು ಕಲಿಯಲಾರನೆಂದು ಭಾವಿಸಲು ಕಾರಣವಿಲ್ಲ.

ಈ ವೃತ್ತಿಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಮುಂಬಯಿಯ ಚಲನಚಿತ್ರರಂಗದಲ್ಲಿ ಪ್ರಸಾಧನದ ಕೆಲಸವನ್ನು ಪುರುಷರಷ್ಟೇ ಮಾಡಬೇಕು, ಸ್ತ್ರೀಯರು ಕೇಶಾಲಂಕಾರವನ್ನಷ್ಟೇ ಮಾಡಬಹುದು ಎಂಬ ಕಟ್ಟಳೆಯನ್ನು ಅಲ್ಲಿಯ ಕಲಾವಿದರ ಸಂಘವು ಬಹುಕಾಲ ಪಾಲಿಸಿಕೊಂಡು ಬಂದಿತ್ತು. ವಿದೇಶದಲ್ಲಿ ಈ ಕಲೆಯನ್ನು ಅಭ್ಯಾಸಮಾಡಿ ಬಂದ ಚಾರು ಖುರಾನಾ ಅವರಿಗೂ ಪ್ರಸಾಧಕಿಯಾಗಿ ಸದಸ್ಯತ್ವ ದೊರೆಯಲಿಲ್ಲ. ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2014ರ ನವೆಂಬರ್ 10ರಂದು ನ್ಯಾಯಾಲಯವು ಆ ಕಟ್ಟಳೆಯನ್ನು ತಳ್ಳಿಹಾಕಿತು. ತನಗೆ ಬೇಕಾದ ಉದ್ಯೋಗವನ್ನು ಕೈಗೊಳ್ಳುವ ಸ್ವಾತಂತ್ರ್ಯವನ್ನು ಸಂವಿಧಾನವು ಪುರುಷನಿಗೆ ಕೊಟ್ಟಂತೆಯೇ ಸ್ತ್ರೀಗೂ ಕೊಟ್ಟಿದೆ. ಮದುವೆಯ ಮನೆಯಲ್ಲಿ ಸ್ತ್ರೀಯ ಕೈಗೆ ಒಪ್ಪುವ ಕುಂಚವು ಚಿತ್ರೀಕರಣದ ಸ್ಥಳದಲ್ಲಿ ಒಪ್ಪುವುದಿಲ್ಲವೆನ್ನುವುದು ಎಂತಹ ತರ್ಕ?

ಪ್ರಸಾಧಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಕಪ್ಪು ಮೈಬಣ್ಣದ ಹುಡುಗಿಯನ್ನು ಮದುವೆಯ ದಿನ ಬಿಳಿದಾಗಿಸಿ ಕೂರಿಸುವುದು ಅಲಂಕಾರವೇ? ಹಾಗೆ ಮಾಡಿದಾಗ ಅವಳ ಹುಟ್ಟುಬಣ್ಣವೇ ಒಂದು ದೋಷವೆಂದು ಎಲ್ಲರೆದುರು ಸಾರಿದಂತಾಗುತ್ತದೆ. ಶ್ರೀರಾಮನನ್ನೂ ಶ್ರೀಕೃಷ್ಣನನ್ನೂ ಶ್ಯಾಮಲವರ್ಣದವರೆಂದು ಸ್ತುತಿಸುವ ನಾಡಿನಲ್ಲಿ ಇದು ವಿಪರ್ಯಾಸ. ಬಲ್ಲ ಪ್ರಸಾಧಕನು ಇರುವ ಮುಖಕ್ಕೆ ಬೆಳಕು ತರುತ್ತಾನೆ. ಬೇರೊಂದು ಮುಖವನ್ನು ತಂದು ಅಂಟಿಸುವುದಿಲ್ಲ. ಒಬ್ಬರಿಗೆ ಬಳಸಿದ ಕುಂಚವನ್ನು ತೊಳೆಯದೆ ಮತ್ತೊಬ್ಬರಿಗೆ ಬಳಸದಿರುವುದು, ಹೊಸ ಬಣ್ಣವನ್ನು ಮೊದಲು ಚರ್ಮದ ಒಂದು ಮೂಲೆಯಲ್ಲಿ ಪರೀಕ್ಷಿಸುವುದು, ಇವೂ ಅದೇ ಗೌರವದ ಇನ್ನೊಂದು ರೂಪ. ಇನ್ನೊಬ್ಬರ ಮುಖವನ್ನು ಮುಟ್ಟುವುದೆಂದರೆ ಅವರ ನಂಬಿಕೆಯನ್ನು ಮುಟ್ಟಿದಂತೆ.

ಇಂತಹ ಸಾಧನೆಗೆ ಮನ್ನಣೆಯೂ ದೊರೆಯದೆ ಇಲ್ಲ. ‘ನಾನು ಅವನಲ್ಲ ಅವಳು’ ಎಂಬ ಕನ್ನಡ ಚಿತ್ರದ ಪ್ರಸಾಧನಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೆ 2014ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸಿದ ವ್ಯಕ್ತಿಯೊಬ್ಬಳ ಕಥೆ ಅದು. ಅದೇ ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರು ಶ್ರೇಷ್ಠ ನಟರೆನಿಸಿಕೊಂಡರು. ನಟನ ಅಂತರಂಗ ಮತ್ತು ಪ್ರಸಾಧಕನ ಕುಂಚ ಎರಡೂ ಸೇರಿದಾಗಲೇ ಅಂತಹ ಪಾತ್ರ ನಿಜವಾಗಲು ಸಾಧ್ಯ.

ನಾಟಕ ಮುಗಿದು ಜನರು ಮನೆಗೆ ಹೊರಟ ಮೇಲೆ ನೇಪಥ್ಯದಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣವನ್ನು ಒರೆಸಿ ತೆಗೆಯುತ್ತಾರೆ. ಎರಡು ಗಂಟೆಗಳ ಶ್ರಮ ಒಂದು ಬಟ್ಟೆಯ ಚೂರಿಗೆ ಅಂಟಿಕೊಂಡು ಹೋಗುತ್ತದೆ. ಶಿಲ್ಪಿಯ ಕಲ್ಲು ಉಳಿಯುತ್ತದೆ, ಕವಿಯ ಪದ್ಯ ಉಳಿಯುತ್ತದೆ. ಪ್ರಸಾಧಕನ ಕೃತಿ ಅಂದಂದಿಗೇ ಅಳಿಯುತ್ತದೆ. ಮರುದಿನ ಅವನು ಮತ್ತೆ ಮೊದಲಿನಿಂದ ತೊಡಗುತ್ತಾನೆ. ಆದುದರಿಂದ ಪ್ರೇಕ್ಷಕರು ಚಪ್ಪಾಳೆ ತಟ್ಟುವಾಗ ತೆರೆಯ ಹಿಂದಿನ ಆ ಕೈಗೂ ಒಂದು ಪಾಲು ಸಲ್ಲಬೇಕು. ಮನೆಯ ಮಗನೋ ಮಗಳೋ ಆ ಕುಂಚವನ್ನು ಹಿಡಿಯಲು ಬಯಸಿದಾಗ ಹಿರಿಯರು ನಾಚಿಕೆಪಡಬಾರದು. ಚೆನ್ನಾಗಿ ಕಲಿ ಎಂದು ಹರಸಬೇಕು.